ಹದಿನಾಲ್ಕು ಪುಸ್ತಕಗಳಲ್ಲಿ ಹುಚ್ಚವ್ವ

ಬೆಟಗೇರಿ
೧೧ ಫೆಬ್ರುವರಿ ೨೦೨೫

ರೇಣುಕವ್ವ ಸಿಸ್ಟರ್ ಅವರಿಗೆ,

ನಾನು ಮಾಡದ ಕೆಲಸವನ್ನು ಮಾಡಿದ್ದೇನೆಂದು ನೀವು ಸಹಿ ಹಾಕಿದ್ದೀರಿ. ಒಂದು ಸಲ ಅಲ್ಲ, ಐದು ಸಲ. ನನ್ನ ಲಾಗ್‌ಬುಕ್ಕಿನ ನಲವತ್ತೆರಡನೆಯ ಪುಟ: ಹುಟ್ಟಿದ ಕೂಡಲೇ ಅಳದ ಕೂಸಿಗೆ ಉಸಿರು ಕೊಡುವುದು. ಐದು ಸಾಲು, ಐದು ಸಹಿ. ‘ನನ್ನ ಎದುರಿಗೆ, ಯಾರ ನೆರವಿಲ್ಲದೆ, ಸರಿಯಾಗಿ ಮಾಡಿದ್ದಾಳೆ’ ಎಂದು ಅಚ್ಚಾದ ಮಾತಿನ ಮುಂದೆ ನಿಮ್ಮ ಹಸಿರು ಶಾಯಿ.

ಇದು ಸುಳ್ಳು. ಇದರಿಂದ ಏನಾಯಿತು ಎಂದು ನಿಮಗೆ ತಿಳಿಯಬೇಕು.

ಕಳೆದ ಗುರುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಹೆರಿಗೆ ಕೋಣೆಯಲ್ಲಿ ಎರಡು ಟೇಬಲ್ಲುಗಳ ಮೇಲೆ ಇಬ್ಬರು ತಾಯಂದಿರು. ಇರುವವರು ಸೀಮಾ ಸಿಸ್ಟರ್ ಒಬ್ಬರೇ. ಒಂದು ಕೂಸು ಹೊರಬಂತು, ಅಳಲಿಲ್ಲ. ಮೈಯೆಲ್ಲ ನೀಲಿ. ಸೀಮಾ ಸಿಸ್ಟರ್ ತಲೆ ಎತ್ತದೆ ಹೇಳಿದರು, “ವಿದ್ಯಾಶ್ರೀ, ಬ್ಯಾಗ್ ಹಿಡಿ. ನಿನ್ನ ಪುಸ್ತಕದಾಗ ಐದೂ ಆಗ್ಯಾವಲ್ಲ, ನೋಡೀನಿ.” ಅವರು ನಂಬಿದ್ದು ನನ್ನನ್ನಲ್ಲ, ನಿಮ್ಮ ಸಹಿಯನ್ನು.

ನಾನು ರಬ್ಬರಿನ ಚೀಲವನ್ನು ಹಿಡಿದು ಮಾಸ್ಕನ್ನು ಕೂಸಿನ ಮುಖಕ್ಕಿಟ್ಟು ಒತ್ತಿದೆ. ಗಾಳಿ ಪಕ್ಕಕ್ಕೆ ಸೋರಿ ಹೋಯಿತು. ಎದೆ ಏಳಲಿಲ್ಲ. ಮತ್ತೆ ಒತ್ತಿದೆ. ಬಾಗಿಲಲ್ಲಿ ನಿಂತಿದ್ದ ಆಯಾ ಮರಿಯವ್ವ, “ಏ ಹುಡುಗಿ, ಅದೇನು ಕೂಸಿಗೆ ಹೂವು ಮೂಸಸಾಕತ್ತೀಯೇನು? ಉಲ್ಟಾ ಐತಿ ಅದು,” ಎಂದಳು. ಮೂಗಿನ ಕಡೆ ಬರಬೇಕಾದ ಚೂಪು ತುದಿ ಗಲ್ಲದ ಕಡೆ ಇತ್ತು. ಸೀಮಾ ಸಿಸ್ಟರ್ ಓಡಿಬಂದು ನನ್ನನ್ನು ಬದಿಗೆ ತಳ್ಳಿದರು. ಕೂಸು ಬದುಕಿತು. ಅದರಲ್ಲಿ ನನ್ನ ಪಾಲು ಏನೂ ಇಲ್ಲ.

ನಿಮಗೆ ಆರು ಸಲ ಫೋನ್ ಮಾಡಿದೆ. ನೀವು ಎತ್ತಲಿಲ್ಲ. ವಾರ್ಡು ಬಿಟ್ಟು ಲಕ್ಷ್ಮೇಶ್ವರಕ್ಕೆ ಹೋದವರು ನಮ್ಮನ್ನೂ ಬಿಟ್ಟಿರಿ ಎಂದುಕೊಳ್ಳಲೆ? ನನ್ನ ಬೇಡಿಕೆ ಒಂದೇ. ನೀವು ಹಾಕಿದ ಸಹಿಗಳು ಸುಳ್ಳೆಂದು ನಮ್ಮ ಪ್ರಾಚಾರ್ಯರಿಗೆ ಬರೆದು ತಿಳಿಸಬೇಕು.

ಇಂತಿ, ನಿಮ್ಮ ಸಹಿಯನ್ನು ಒಪ್ಪದ
ವಿದ್ಯಾಶ್ರೀ
ಜಿ.ಎನ್.ಎಂ. ನರ್ಸಿಂಗ್, ಮೂರನೆಯ ವರ್ಷ


ಲಕ್ಷ್ಮೇಶ್ವರ
೨೩ ಫೆಬ್ರುವರಿ

ವಿದ್ಯಾಶ್ರೀಗೆ,

ಕಾಗದ ಸಿಕ್ಕಿತು. ಬೇರೆ ಹಾಳೆ ಇಲ್ಲ, ಜ್ವರದ ಚಾರ್ಟಿನ ಹಿಂದೆಯೇ ಬರೆಯುತ್ತಿದ್ದೇನೆ. ಇದಕ್ಕೂ ಒಂದು ಬೇಡಿಕೆ ಇಡಬೇಡ.

ಆ ಪುಟದ ಐದು ಸಾಲುಗಳನ್ನು ಬರೆದದ್ದು ಯಾರು? ತಾಯಿಯ ಹೆಸರು, ವಯಸ್ಸು, ಊರು, ಕೂಸಿನ ತೂಕ, ಎಷ್ಟು ನಿಮಿಷಕ್ಕೆ ಅತ್ತಿತು, ಎಲ್ಲ ತುಂಬಿದ ಕೈ ಯಾರದು? ನೀಲಿ ಶಾಯಿ ನಿನ್ನದಲ್ಲವೆ? ನೀವು ಹನ್ನೊಂದು ಜನ ಹುಡುಗಿಯರು ಒಂದೇ ಮಧ್ಯಾಹ್ನ ಪುಸ್ತಕಗಳನ್ನು ಒಟ್ಟಿ ತಂದು ನನ್ನ ಮೇಜಿನ ಮೇಲಿಟ್ಟಿರಿ. ನಾನು ಒಂದು ಕಡೆ ರಕ್ತದ ಬಾಟಲಿ ಏರಿಸುತ್ತಿದ್ದೆ. ನೀನೇ ಮುಂದೆ ನಿಂತು, “ಸಿಸ್ಟರ್, ಜಲ್ದಿ ಮಾಡ್ರಿ, ಐದೂವರಿಗೆ ಬಸ್ ಐತಿ,” ಎಂದವಳು. ನನಗೆ ಚೆನ್ನಾಗಿ ನೆನಪಿದೆ.

ಸುಳ್ಳು ಬರೆದವಳು ಸುಳ್ಳಿಗೆ ಸಹಿ ಹಾಕಿದವಳ ಮೇಲೆ ದೂರು ಕೊಡುತ್ತಾಳೆ. ಆ ನೇಕಾರರ ಸಂಘದ ಕೋಣೆಯಲ್ಲಿ ಕೂತು ನೀನು ಓದುವ ಹೋರಾಟದ ಪುಟ್ಟ ಪುಸ್ತಕಗಳಲ್ಲಿ ಇದಕ್ಕೆ ಏನಾದರೂ ಹೆಸರಿದೆಯೆ?

ಕೂಸು ಬದುಕಿತಲ್ಲ. ಸುಮ್ಮನೆ ಪರೀಕ್ಷೆ ಕಟ್ಟು. ಫೋನ್ ಮಾಡಬೇಡ.

ರೇಣುಕವ್ವ


ಬೆಟಗೇರಿ
೨ ಮಾರ್ಚ್

ಸಿಸ್ಟರ್ ಅವರಿಗೆ,

ನಿಮ್ಮ ಕಾಗದ ಓದಿದೆ. ನೀವು ಹೇಳಿದ್ದು ಖರೆ. ಅದೇ ನನಗೆ ಸಿಟ್ಟು ತರಿಸಿದ್ದು.

ಆ ಸಾಲುಗಳನ್ನು ನಾನೇ ಬರೆದೆ. ಹಿಂದಿನ ಬ್ಯಾಚಿನವರ ಪುಸ್ತಕವನ್ನು ಮುಂದಿಟ್ಟುಕೊಂಡು ಬರೆದೆ. ಅವರು ಅವರ ಹಿಂದಿನವರದನ್ನು ನೋಡಿ ಬರೆದಿದ್ದರು. ಹಾಸ್ಟೆಲಿನಲ್ಲಿ ಇದು ತಪ್ಪು ಎಂದು ಯಾರಿಗೂ ಅನಿಸುವುದಿಲ್ಲ, ರಂಗೋಲಿಯ ಚುಕ್ಕಿ ನೋಡಿ ಹಾಕಿದ ಹಾಗೆ. ದಿನಾಂಕ ಮಾತ್ರ ಬದಲಿಸುತ್ತೇವೆ. ಬಸ್ಸಿನ ಮಾತು ನನಗೆ ನೆನಪಿರಲಿಲ್ಲ. ನೀವು ಹೇಳಿದ ಮೇಲೆ ನೆನಪಾಯಿತು.

ಆದರೆ ನನ್ನ ಸುಳ್ಳಿನಿಂದ ನಿಮ್ಮದು ನಿಜವಾಗುವುದಿಲ್ಲ, ಸಿಸ್ಟರ್. ಮಾಡಿ ತೋರಿಸಿ, ಮಾಡಿಸಿ ನೋಡಿ, ಆಮೇಲೆ ಸಹಿ ಮಾಡಿ ಎಂದು ನಿಮ್ಮನ್ನು ಅಲ್ಲಿ ಕೂಡಿಸಿದ್ದರು. ನಮ್ಮ ನರ್ಸಿಂಗ್ ಶಾಲೆಯಲ್ಲಿ ಅಭ್ಯಾಸಕ್ಕೆ ರಬ್ಬರಿನ ಕೂಸಿದೆ. ಗಾಜಿನ ಕಪಾಟಿನಲ್ಲಿ, ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿಲ್ಲ. ಕೀಲಿ ಪ್ರಾಚಾರ್ಯರ ಹತ್ತಿರ. ತಪಾಸಣೆಗೆ ಯಾರಾದರೂ ಬಂದ ದಿನ ಹೊರಗೆ ಬರುತ್ತದೆ, ಅವರು ಹೋದ ಮೇಲೆ ಮತ್ತೆ ಒಳಗೆ. ಮೂರು ವರ್ಷದಲ್ಲಿ ನಾನು ಅದನ್ನು ಮುಟ್ಟಿಲ್ಲ.

ನಿನ್ನೆ ನಾನು ಆ ಐದು ಸಾಲುಗಳ ಮೇಲೆ ಕೆಂಪು ಶಾಯಿಯಿಂದ ಗೆರೆ ಎಳೆದೆ. ಪಕ್ಕದಲ್ಲಿ ‘ಮಾಡಿಲ್ಲ’ ಎಂದು ಬರೆದು ನನ್ನ ಹೆಸರು ಹಾಕಿದೆ. ಇನ್ನು ನಿಮ್ಮ ಸರದಿ.

ಇಂತಿ, ಗೆರೆ ಎಳೆದವಳು
ವಿದ್ಯಾಶ್ರೀ


ಬೆಟಗೇರಿ
೩೦ ಮಾರ್ಚ್

ಸಿಸ್ಟರ್ ಅವರಿಗೆ,

ನಾಲ್ಕು ವಾರವಾಯಿತು, ಉತ್ತರವಿಲ್ಲ. ಆದರೂ ಬರೆಯುತ್ತಿದ್ದೇನೆ.

ಪ್ರಾಚಾರ್ಯ ಕನಕರಾಜ ಸರ್ ನನ್ನನ್ನು ಕರೆಸಿದರು. ನನ್ನ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೇಳಿದರು, “ಏನವ್ವಾ, ನೀ ಒಬ್ಬಾಕಿ ಖರೆ, ಉಳಿದ ಮೂವತ್ತೊಂಬತ್ತು ಮಂದಿ ಸುಳ್ಳೇನು?”

“ಹೌದ್ರಿ ಸರ್,” ಎಂದೆ.

ಅವರು ಬೈಯಲಿಲ್ಲ. ನಕ್ಕರು. “ಏಪ್ರಿಲ್ ಮೂವತ್ತರೊಳಗ ಪುಟ ತುಂಬಿಸಿಕೊಂಡು ಬಾ. ಇಲ್ಲಂದ್ರ ಹಾಲ್‌ಟಿಕೇಟ್ ಬರಂಗಿಲ್ಲ. ಆರು ತಿಂಗಳು ಮನ್ಯಾಗ ಕುಂತು ಖರೇನ ಪೂಜಿ ಮಾಡು.” ಹೊಸ ಪುಸ್ತಕ ಬೇಕಾದರೆ ಗುಮಾಸ್ತರ ಹತ್ತಿರ ಇದೆಯಂತೆ, ಮತ್ತೆ ಮೊದಲಿನಿಂದ ಬರೆಯಬಹುದಂತೆ. ಅಂದರೆ ಮತ್ತೆ ನಕಲು ಮಾಡಬಹುದು ಎಂದರ್ಥ.

ಅಸುಂಡಿಯಿಂದ ಅಪ್ಪ ಬಂದಿದ್ದ. ಹೊಲ ಬಿಟ್ಟು ಬಂದ ಸಿಟ್ಟು ಬೇರೆ. ಹಾಸ್ಟೆಲಿನ ಕಟ್ಟೆಯ ಮೇಲೆ ಕೂತು ಹೇಳಿದ, “ಎಲ್ಲಾರೂ ಬರದಾರ, ನೀನೂ ಬರದಿ, ಆತು. ಆಮ್ಯಾಲ ಕೆಂಪು ಪೆನ್ನು ಯಾಕ ಹಿಡದಿ? ನಿಮ್ಮವ್ವ ಊರ ತುಂಬ ನನ್ನ ಮಗಳು ಜೂನಿನಾಗ ನರ್ಸ್ ಆಗ್ತಾಳ ಅಂತ ಹೇಳ್ಯಾಳ.” ನಾನು ಆ ಗುರುವಾರದ ಕೂಸಿನ ವಿಷಯ ಹೇಳಿದೆ. ಅಪ್ಪ, “ಮಾಸ್ಕ್ ಉಲ್ಟಾ ಅಂದ್ರ ಹೆಂಗ,” ಎಂದು ಕೇಳಿದ. ತೋರಿಸಿದೆ. ಅವನು ತನ್ನ ಅಂಗೈಯನ್ನು ಮುಖಕ್ಕಿಟ್ಟು ನೋಡಿಕೊಂಡ. ಆಮೇಲೆ ಪರೀಕ್ಷೆಯ ಮಾತು ತೆಗೆಯಲಿಲ್ಲ.

ನನ್ನ ಕೋಣೆಯ ಸಬೀನಾ ಮಾತು ಬಿಟ್ಟಿದ್ದಾಳೆ. “ನಿನ್ನ ಕೆಂಪು ಶಾಯಿ ನಮ್ಮ ಹಾಲ್‌ಟಿಕೇಟಿಗೂ ಹತ್ತೀತು ನೋಡು,” ಎಂದು ಹೇಳಿದ್ದೇ ಕೊನೆಯ ಮಾತು. ಆದರೆ ಮೊನ್ನೆ ನಾನು ಕೇಳದೇ ತನ್ನ ಪುಸ್ತಕವನ್ನು ನನ್ನ ಹಾಸಿಗೆಯ ಮೇಲೆ ಎಸೆದು ಹೋದಳು. ನಲವತ್ತೆರಡನೆಯ ಪುಟ ತೆರೆದಿತ್ತು. ಅವಳ ಮೂರನೆಯ ಸಾಲು, ನನ್ನ ಮೂರನೆಯ ಸಾಲು, ಒಂದೇ.

‘ಹುಚ್ಚವ್ವ, ೨೪ ವರ್ಷ, ಅಸುಂಡಿ. ಗಂಡು, ೨ ಕೆ.ಜಿ. ೭೦೦. ಎರಡನೆಯ ನಿಮಿಷಕ್ಕೆ ಅತ್ತಿತು.’

ಹಾಸ್ಟೆಲಿನಲ್ಲಿ ಸಿಕ್ಕ ಹನ್ನೊಂದು ಪುಸ್ತಕ ನೋಡಿದೆ. ಹಿಂದಿನ ಬ್ಯಾಚುಗಳ ಮೂರು ಪುಸ್ತಕ ಸಿಕ್ಕವು, ಅವನ್ನೂ ನೋಡಿದೆ. ಹದಿನಾಲ್ಕರಲ್ಲೂ ಹುಚ್ಚವ್ವ ಇದ್ದಾಳೆ. ಐದು ವರ್ಷದಲ್ಲಿ ಹದಿನಾಲ್ಕು ಸಲ ಹಡೆದಿದ್ದಾಳೆ, ಕಳೆದ ಆಗಸ್ಟಿನಲ್ಲಿ ಮೂರು ಸಲ. ಅವಳ ವಯಸ್ಸು ಇಪ್ಪತ್ತನಾಲ್ಕು ದಾಟುವುದೇ ಇಲ್ಲ. ಹದಿನಾಲ್ಕರಲ್ಲೂ ನಿಮ್ಮ ಹಸಿರು ಸಹಿ.

ಅಸುಂಡಿ ನನ್ನ ಊರು. ಹುಚ್ಚವ್ವನ ಮನೆ ನಮ್ಮ ಮನೆಯಿಂದ ನಾಲ್ಕನೆಯದು. ಆ ಹೆಸರನ್ನು ನನ್ನ ಕೈಯಾರೆ ಬರೆಯುವಾಗ ಒಂದು ಕ್ಷಣವೂ ನಿಲ್ಲಲಿಲ್ಲ. ಓದದೇ ಬರೆದೆ. ನೀವು ಓದದೇ ಸಹಿ ಹಾಕಿದಿರಿ. ನಮ್ಮಿಬ್ಬರಲ್ಲಿ ಒಬ್ಬರಾದರೂ ಓದಬೇಕಿತ್ತು.

ವಾರ್ಡು ಯಾಕೆ ಬಿಟ್ಟಿರಿ? ಸೀಮಾ ಸಿಸ್ಟರನ್ನು ಕೇಳಿದರೆ, “ಆಕಿನ್ನ ಕೇಳು,” ಎನ್ನುತ್ತಾರೆ. ಅದಕ್ಕೇ ಕೇಳುತ್ತಿದ್ದೇನೆ.

ಇಂತಿ, ಉತ್ತರ ಸಿಗುವ ತನಕ ಬರೆಯುವ
ವಿದ್ಯಾಶ್ರೀ


ಲಕ್ಷ್ಮೇಶ್ವರ
೮ ಏಪ್ರಿಲ್

ವಿದ್ಯಾಶ್ರೀಗೆ,

ಹುಚ್ಚವ್ವ ಯಾರೆಂದು ನನಗೆ ಗೊತ್ತು. ಅವಳು ನಿಮ್ಮ ಮನೆಯಿಂದ ನಾಲ್ಕನೆಯ ಮನೆಯಲ್ಲಿದ್ದರೆ ನನಗೆ ಕಾಗದ ಬರೆದು ಯಾಕೆ ಕೇಳುತ್ತೀ? ಹೋಗಿ ಅವಳನ್ನೇ ಕೇಳು. ಹೋಗುವಾಗ ಪೆನ್ನು ಪುಸ್ತಕ ಹಿಡಿದುಕೊಂಡು ಹೋಗಬೇಡ.

ರೇಣುಕವ್ವ


ಬೆಟಗೇರಿ
೨೦ ಏಪ್ರಿಲ್

ಸಿಸ್ಟರ್ ಅವರಿಗೆ,

ಹೋಗಿದ್ದೆ. ಪೆನ್ನು ಒಯ್ಯಲಿಲ್ಲ. ಆದ್ದರಿಂದ ಕೇಳಿದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ.

ಹುಚ್ಚವ್ವ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ವಿಷಯ ಹೇಳಿದೆ.

“ಹದಿನಾಕು? ಯವ್ವಾ, ಒಂದ ಹಡದು ನನ್ನ ನಡಾ ಇನ್ನೂ ನೋಯ್ತೈತಿ. ಉಳಿದ ಹದಿಮೂರು ಎಲ್ಲಿ ಅದಾವ? ಯಾರ ಮನ್ಯಾಗ ಉಣ್ಣಾಕತ್ತಾವ?”

ಅವಳ ಗಂಡ ಸುಭಾಸ ಬಾಗಿಲಿಗೆ ಒರಗಿ ನಿಂತು, “ಮೊದಲ ಹೇಳೂದಲ್ಲೇನ ತಂಗಿ, ರೇಶನ್ ಕಾರ್ಡಿನಾಗ ಹೆಸರು ಹಚ್ಚಸ್ತಿದ್ವಿ,” ಎಂದ. ಇಬ್ಬರೂ ಬಹಳ ನಕ್ಕರು. ನನಗೆ ನಗು ಬರಲಿಲ್ಲ. ಎರಡು ಕೆ.ಜಿ. ಏಳುನೂರು ಗ್ರಾಮಿನ ಆ ಕೂಸು, ಈಗ ಐದು ವರ್ಷದ ಹುಡುಗ, ನನ್ನ ಚಪ್ಪಲಿ ಹಾಕಿಕೊಂಡು ಅಂಗಳ ತುಂಬ ಓಡಾಡುತ್ತಿದ್ದ.

ಅವತ್ತು ಏನಾಯಿತು ಎಂದು ಕೇಳಿದೆ. ನಗು ನಿಲ್ಲಿಸಿ ಹೇಳಿದಳು.

“ಕೂಸು ಅಳಲಿಲ್ಲವ್ವಾ. ಒಬ್ಬಾಕಿ ತೆಳ್ಳನ ಹುಡುಗಿ ರಬ್ಬರ್ ಚೀಲ ಹಿಡಕೊಂಡು ನಿಂತಿದ್ಲು. ಆಕಿ ಹಿಂದ ದೊಡ್ಡ ಸಿಸ್ಟರು ನಿಂತಿದ್ರು, ಎರಡೂ ಕೈ ಬೆನ್ನ ಹಿಂದ ಕಟಗೊಂಡು. ‘ನಾ ಮುಟ್ಟಂಗಿಲ್ಲ ಶೈಲಾ, ನೀನ ಮಾಡು. ಮಾರಿ ನೋಡಬ್ಯಾಡ, ಎದಿ ನೋಡು. ಎದಿ ಏಳ್ತೈತಿಲ್ಲೋ?’ ಅಂತ ಹೇಳಾಕತ್ತಿದ್ರು. ಒಂದೀಟೂ ದನಿ ಏರಸಲಿಲ್ಲ. ಆ ಹುಡುಗಿ ಎರಡು ಸಲ ತಪ್ಪಿದ್ಲು. ಮೂರನೇ ಸಲ ಎದಿ ಎದ್ದಿತು. ನಾ ಮಲಕೊಂಡ ಕಡಿಂದ ನೋಡೀನಿ.”

ಬೇರೆ ಯಾರಿದ್ದರು ಎಂದೆ.

“ಗ್ವಾಡಿಗೆ ನಾಕು ಹುಡುಗ್ಯಾರು ನಿಂತಿದ್ರು. ಅದರಾಗ ಒಬ್ಬಾಕಿ ನನ್ನ ಹೆಸರು ಕೇಳಿದ್ಲು, ಊರು ಕೇಳಿದ್ಲು, ವಯಸ್ಸು ಕೇಳಿದ್ಲು. ನನ್ನ ಜೀವ ಬಾಯಿಗೆ ಬಂದೈತಿ, ಆಕಿ ಬರಕೋತ ನಿಂತಾಳ. ನಾ ಇವತ್ತಿಗೂ ಮರತಿಲ್ಲ ಆಕಿನ್ನ.”

ಹಾಗಾದರೆ ಹದಿನಾಲ್ಕರ ಹಿಂದೆ ಒಂದು ನಿಜವಾದ ಪುಸ್ತಕವಿತ್ತು. ಶೈಲಾ ಎನ್ನುವವರದು. ಆ ಒಂದು ಪುಸ್ತಕಕ್ಕೆ ನೀವು ನೋಡಿಯೇ ಸಹಿ ಹಾಕಿದ್ದಿರಿ. ನಮ್ಮ ಸುಳ್ಳೆಲ್ಲ ಆ ಒಂದು ನಿಜದ ನಕಲು.

ಇದು ತಿಳಿದ ಮೇಲೆ ನನಗೆ ಮೊದಲಿಗಿಂತ ಹೆಚ್ಚು ಸಿಟ್ಟು ಬಂದಿದೆ. ಕಲಿಸಲು ಬಾರದವರ ಮೇಲೆ ಏನು ಸಿಟ್ಟು ಮಾಡುವುದು? ನಿಮಗೆ ಬರುತ್ತಿತ್ತು. ಕೈ ಕಟ್ಟಿ ನಿಂತು, ತಪ್ಪಿದರೂ ದನಿ ಏರಿಸದೆ, ಎದೆ ಏಳುವ ತನಕ ಕಾಯಲು ಬರುತ್ತಿತ್ತು. ಮತ್ತೆ ಯಾಕೆ ಬಿಟ್ಟಿರಿ?

ಏಪ್ರಿಲ್ ಮೂವತ್ತಕ್ಕೆ ಹತ್ತು ದಿನ ಉಳಿದಿದೆ. ಹೊಸ ಪುಸ್ತಕ ಗುಮಾಸ್ತರ ಹತ್ತಿರ ಇನ್ನೂ ಇದೆ. ನಾನು ಕಲ್ಲಲ್ಲ, ಸಿಸ್ಟರ್. ದಿನವೂ ಅವರ ಕೋಣೆಯ ಮುಂದೆ ಹಾದು ಹೋಗುತ್ತೇನೆ.

ವಿದ್ಯಾಶ್ರೀ


ಲಕ್ಷ್ಮೇಶ್ವರ
೪ ಮೇ

ವಿದ್ಯಾಶ್ರೀಗೆ,

ಮೂವತ್ತನೆಯ ತಾರೀಖು ಕಳೆಯಲಿ ಎಂದೇ ಕಾದೆ. ನೀನು ಏನು ಮಾಡುತ್ತೀ ಎಂಬುದರಲ್ಲಿ ನನ್ನ ಕೈ ಇರಬಾರದಿತ್ತು. ಸೀಮಾ ನಿನ್ನೆ ಹೇಳಿದಳು. ಹೊಸ ಪುಸ್ತಕ ತೆಗೆದುಕೊಳ್ಳಲಿಲ್ಲವಂತೆ. ಜೂನಿನ ಪರೀಕ್ಷೆ ಹೋಯಿತಂತೆ. ನಿನ್ನಪ್ಪನಿಗೆ ಏನು ಹೇಳಿದೆಯೋ ಗೊತ್ತಿಲ್ಲ.

ಯಾಕೆ ಬಿಟ್ಟೆ ಎಂದು ಕೇಳಿದ್ದೀ. ಶೈಲಾ ಕಲಿಯುವಾಗ ವಾರ್ಡಿನಲ್ಲಿ ಎಂಟು ಹುಡುಗಿಯರು, ನಾಲ್ವರು ಸಿಸ್ಟರು. ನಾನು ಬಿಡುವ ಹೊತ್ತಿಗೆ ಮೂರು ಶಾಲೆಗಳ ಅರವತ್ತನಾಲ್ಕು ಹುಡುಗಿಯರು, ಒಂದು ಪಾಳಿಗೆ ಇಬ್ಬರು ಸಿಸ್ಟರು. ನಿಮಗೆ ಬ್ಯಾಗ್ ಹಿಡಿಯಲು ಕಲಿಸಬೇಕಾದ ಹೊತ್ತಿನಲ್ಲಿ ನಾನು ಹಾಸಿಗೆ ಎಣಿಸುತ್ತಿದ್ದೆ, ಔಷಧಿ ಬರೆದುಕೊಳ್ಳುತ್ತಿದ್ದೆ, ಸಂಬಂಧಿಕರ ಬೈಗುಳ ಕೇಳುತ್ತಿದ್ದೆ. ಎಲ್ಲರಿಗೂ ಬೇಕಾದದ್ದು ಸಹಿ. ಶಾಲೆಗೆ ಬೇಕು, ನಿಮಗೆ ಬೇಕು, ನಿಮ್ಮ ಅಪ್ಪಂದಿರಿಗೆ ಬೇಕು. ಕಲಿಸಿರಿ ಎಂದು ಬಂದವರು ಒಬ್ಬರೂ ಇಲ್ಲ. ಮೊದಲ ಸುಳ್ಳು ಸಹಿ ಯಾರ ಪುಸ್ತಕಕ್ಕೆ ಹಾಕಿದೆನೋ ನೆನಪಿಲ್ಲ. ನೆನಪಿದ್ದಿದ್ದರೆ ಅಲ್ಲೇ ನಿಲ್ಲುತ್ತಿದ್ದೆನೋ ಏನೋ.

ಇದು ಕಾರಣ ಅಷ್ಟೇ, ಸಮಜಾಯಿಷಿ ಅಲ್ಲ. ನೀನು ಮತ್ತೊಂದು ಕಾಗದ ಬರೆದು ಅದನ್ನು ಹೇಳುವ ಮೊದಲೇ ನಾನೇ ಹೇಳುತ್ತೇನೆ.

ನಾನು ಸಹಿ ಹಾಕಿದ ಪುಸ್ತಕ ಹಿಡಿದು ಕೆಲಸಕ್ಕೆ ಸೇರಿದವಳೊಬ್ಬಳು ಕಳೆದ ವರ್ಷ ಒಂದು ದಿನ ಫೋನ್ ಮಾಡಿದಳು. ದೂರದ ಊರು, ಅವಳೊಬ್ಬಳೇ ಇದ್ದಳು. “ಸಿಸ್ಟರ್, ಮಾಸ್ಕಿನ ಚೂಪು ಕಡಿ ಮ್ಯಾಲ ಬರ್ತೈತೋ, ಕೆಳಗೋ?” ಎಂದು ಕೇಳಿದಳು. ಹೇಳಿದೆ. ಹಿಂದೆ ಹೆಂಗಸರು ಅಳುವುದು ಕೇಳುತ್ತಿತ್ತು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತೇ ಇದ್ದೆ. ಕೂಸಿನ ಅಳು ಕೇಳಲಿಲ್ಲ.

ಆ ತಿಂಗಳೇ ಅಲ್ಲಿಯ ಕೆಲಸ ಬಿಟ್ಟು ಇಲ್ಲಿಯ ಆಸ್ಪತ್ರೆಗೆ ಬಂದೆ. ಅಂದಿನಿಂದ ಹುಡುಗಿಯರ ಫೋನ್ ಎತ್ತುವುದಿಲ್ಲ. ನಿನ್ನ ಮೊದಲ ಕಾಗದದಲ್ಲಿ ಮಾಸ್ಕ್ ಉಲ್ಟಾ ಎಂದು ಓದಿದಾಗ ಕಾಗದವನ್ನು ಮಡಚಿಟ್ಟು ಒಂದು ವಾರ ತೆಗೆಯಲಿಲ್ಲ. ಆಮೇಲೆ ನಿನಗೆ ಬೈದು ಬರೆದೆ.

ಪ್ರಾಚಾರ್ಯರಿಗೆ ನಾನು ಕಾಗದ ಬರೆದಿದ್ದೇನೆ. ನಲವತ್ತೆರಡನೆಯ ಪುಟದಲ್ಲಿ ಶೈಲಾಳ ನಂತರ ನಾನು ಹಾಕಿದ ಯಾವ ಸಹಿಯೂ ನಿಜವಲ್ಲ ಎಂದು. ಅದರಿಂದ ನನ್ನ ನೋಂದಣಿಗೆ ಏನಾಗುತ್ತದೋ ಆಗಲಿ. ಉತ್ತರ ಬರುವ ತನಕ ಯಾವ ಪುಸ್ತಕಕ್ಕೂ ಸಹಿ ಹಾಕುವುದಿಲ್ಲ. ನಿನ್ನದಕ್ಕೆ ಇಲ್ಲಿಯ ಡಾಕ್ಟರಮ್ಮ ಹಾಕುತ್ತಾರೆ, ಆದರೆ ನಿನ್ನ ಕೈಗೆ ಕೆಲಸ ‘ಬಂತು’ ಎಂದು ನಾನು ಹೇಳಿದ ಮೇಲೆ. ನಿಮ್ಮ ಶಾಲೆಯ ಹುಡುಗಿಯರನ್ನು ಇಲ್ಲಿಗೂ ಕಳಿಸುವ ಪದ್ಧತಿ ಇದೆ. ಪ್ರಾಚಾರ್ಯರಿಂದ ಒಂದು ಚೀಟಿ ತಾ.

ಕೇಳಿಕೋ. ಅಳದ ಕೂಸು ನಿನ್ನ ಪುಸ್ತಕಕ್ಕಾಗಿ ಹುಟ್ಟುವುದಿಲ್ಲ, ಹುಟ್ಟದಿರಲಿ. ಮೊದಲು ಆ ರಬ್ಬರಿನ ಕೂಸಿನ ಮೇಲೆ ನೂರು ಸಲ. ಅದನ್ನು ಹೇಗಾದರೂ ಬಿಡಿಸಿಕೊಂಡು ಬಾ. ಇಲ್ಲಿ ಬಂದ ಮೇಲೆ ಪ್ರತಿ ಹೆರಿಗೆಗೂ ಬ್ಯಾಗ್ ಹಿಡಿದು ಸಿದ್ಧ ನಿಲ್ಲಬೇಕು, ಬೇಕಾಗಲಿ, ಬೇಕಾಗದಿರಲಿ. ಬರದಿದ್ದರೆ ‘ಬರಲಿಲ್ಲ’ ಎಂದೇ ಹೇಳುತ್ತೇನೆ, ಡಿಸೆಂಬರಿನ ಪರೀಕ್ಷೆಯೂ ಹೋಗಬಹುದು. ಆಗ ನನಗೆ ಕಾಗದ ಬರೆಯಕೂಡದು.

ಯಾವ ದಿನ ಬರುತ್ತೀ ಎಂದು ತಿಳಿಸು.

ರೇಣುಕವ್ವ


ಬೆಟಗೇರಿ
೧೩ ಮೇ

ಸಿಸ್ಟರ್ ಅವರಿಗೆ,

ಚೀಟಿ ಸಿಕ್ಕಿತು. ಕನಕರಾಜ ಸರ್ ನಿಮ್ಮ ಕಾಗದವನ್ನು ಮೇಜಿನ ಒಳಗಿಟ್ಟು ಕೀಲಿ ಹಾಕಿದ್ದಾರೆ. ಮೇಲಿನವರಿಗೆ ಕಳಿಸಿದರೆ ತಮ್ಮ ಶಾಲೆಯ ಮಾತೂ ಬರುತ್ತದೆ ಎಂದು ಅಂಜಿಕೆ ಇರಬೇಕು. ಅದನ್ನು ಹೊರಗೆ ತೆಗೆಸುವ ಕೆಲಸ ಬಾಕಿ ಇದೆ, ಬಿಡುವುದಿಲ್ಲ. ಸಬೀನಾ ಮತ್ತು ಇನ್ನು ಮೂವರು ತಮ್ಮ ಪುಟಕ್ಕೂ ಕೆಂಪು ಗೆರೆ ಎಳೆಯಬೇಕೋ ಬೇಡವೋ ಎಂದು ಜಗಳಾಡುತ್ತಿದ್ದಾರೆ. ಅವರ ಪರೀಕ್ಷೆ ಇನ್ನೇನು ಬಂತು. ನಾನು ಏನೂ ಹೇಳಿಲ್ಲ. ಹೇಳದೇ ಇರುವುದು ನನಗೆ ಎಷ್ಟು ಕಷ್ಟವೆಂದು ನಿಮಗೆ ಗೊತ್ತು.

ಆ ಫೋನಿನ ವಿಷಯ ಓದಿದೆ.

ಕಪಾಟಿನ ಕೀಲಿ ತೆಗೆಸಲು ಮೂರು ದಿನ ಹಿಡಿಯಿತು. “ಕಳದ್ರ? ಹರದ್ರ?” ಎಂದು ಗುಮಾಸ್ತರು ರಿಜಿಸ್ಟರ್ ಮುಂದಿಟ್ಟರು. ‘ರಬ್ಬರಿನ ಕೂಸು ಒಂದು, ಮಾಸ್ಕ್ ಸಹಿತ ಬ್ಯಾಗ್ ಒಂದು, ಪಡೆದಿದ್ದೇನೆ’ ಎಂದು ಬರೆದಿತ್ತು. ಎರಡನ್ನೂ ಕೈಯಲ್ಲಿ ಹಿಡಿದು ನೋಡಿದೆ. ಮಾಸ್ಕಿನ ಚೂಪು ತುದಿ ಯಾವ ಕಡೆ ಎಂದು ನೋಡಿದೆ. ಆಮೇಲೆ ಸಹಿ ಹಾಕಿದೆ. ಪ್ಲಾಸ್ಟಿಕ್ ಹೊದಿಕೆಯನ್ನು ಅಲ್ಲೇ ಹರಿದು ಅವರ ಮೇಜಿನ ಮೇಲೆ ಬಿಟ್ಟು ಬಂದೆ.

ಅಪ್ಪ ಬಸ್ ನಿಲ್ದಾಣದ ತನಕ ಬರುತ್ತಾನಂತೆ. ಅವ್ವ ಇನ್ನೂ ಮಾತಾಡುತ್ತಿಲ್ಲ.

ಪೆನ್ನು ತರುವುದಿಲ್ಲ. ನೀವು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿರಬೇಕು. ನಾನು ತಪ್ಪಿದರೂ ಬಿಡಬಾರದು.

ಸೋಮವಾರ, ಮೇ ಹತ್ತೊಂಬತ್ತು, ಬೆಳಿಗ್ಗೆ ಏಳು ಗಂಟೆಗೆ, ನಿಮ್ಮ ಹೆರಿಗೆ ಕೋಣೆಯ ಬಾಗಿಲಲ್ಲಿ.

ವಿದ್ಯಾಶ್ರೀ